ಲೆವಾಂಟ್: ಕಡಲ ಕೆಳಗಿನ ಗಣಿಗೆ ಇಳಿಯುವ ದಾರಿ

ನಾನು ಅದಿರು ಅಗೆದವನಲ್ಲ. ಶಾಫ್ಟ್‌ನಲ್ಲಿ, ಅಂದರೆ ಗಣಿಯೊಳಗೆ ಇಳಿಯುವ ಬಾವಿಯಂಥ ದಾರಿಯಲ್ಲಿ, ಜನರನ್ನು ಇಳಿಸುವ, ಹತ್ತಿಸುವ ವೈಂಡಿಂಗ್ ಇಂಜಿನ್ ಮತ್ತು ಅದರ ಉಕ್ಕಿನ ತಂತಿಯ ರೋಪ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಪಾಳಿ ಇಳಿಯುವ ಮೊದಲು ರೋಪನ್ನು ನಿಧಾನಕ್ಕೆ ಓಡಿಸುತ್ತೇವೆ. ಅಂಗೈಯಲ್ಲಿ ಕಾಟನ್ ವೇಸ್ಟ್, ಅಂದರೆ ಹತ್ತಿ ನೂಲಿನ ಚಿಂದಿ ಹಿಡಿದು ರೋಪಿನ ಸುತ್ತ ಸಡಿಲವಾಗಿ ಸುತ್ತಿರುತ್ತೇವೆ. ಹೊರಗಿನ ಒಂದೇ ಒಂದು ತಂತಿ ತುಂಡಾಗಿದ್ದರೂ ಅದು ನೂಲನ್ನು ಕಚ್ಚಿ ಎಳೆಯುತ್ತದೆ. ಆ ಸಣ್ಣ ಎಳೆತ ಕೈಗೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವ ಮೊದಲೇ.

ಈ ಅಭ್ಯಾಸದಿಂದಲೇ ಇರಬೇಕು, ಯಾವುದೇ ಹಳೆಯ ಗಣಿ ನೋಡಿದರೂ ನನಗೆ ಮೊದಲು ಬರುವ ಪ್ರಶ್ನೆ ಒಂದೇ: ಇಲ್ಲಿ ಜನ ಹೇಗೆ ಇಳಿಯುತ್ತಿದ್ದರು? ಎಷ್ಟು ಅದಿರು ಸಿಕ್ಕಿತು ಅನ್ನೋದು ಆಮೇಲಿನ ಮಾತು. ಇಂಗ್ಲೆಂಡಿನ ತುತ್ತತುದಿ ಕಾರ್ನ್‌ವಾಲ್‌ನಲ್ಲಿ, ಸೇಂಟ್ ಜಸ್ಟ್ ಊರಿನ ಹತ್ತಿರ, ಅಟ್ಲಾಂಟಿಕ್ ಸಾಗರದ ದಂಡೆಯ ಬಂಡೆಗಳ ಮೇಲೆ ಲೆವಾಂಟ್ ಎಂಬ ಗಣಿಯಿದೆ. ಅದರ ಕಥೆ ಪೂರ್ತಿ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಲೆವಾಂಟ್‌ನಲ್ಲಿ ಸಿಗುತ್ತಿದ್ದದ್ದು ತಾಮ್ರ ಮತ್ತು ತವರ. ತವರ ಅಂದರೆ ನಮ್ಮ ಮನೆಗಳ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರಲ್ಲ, ಅದೇ ಲೋಹ. ಅಲ್ಲಿನ ಅದಿರಿನ ಪಟ್ಟಿಗಳು ನೆಲದಲ್ಲಿ ಶುರುವಾಗಿ ನೇರ ಸಮುದ್ರದ ಕಡೆ ಓಡುತ್ತವೆ. ಮೇಲಿನ ಮಟ್ಟಗಳಲ್ಲಿ ತಾಮ್ರ ಜಾಸ್ತಿ, ಆಳಕ್ಕೆ ಹೋದಂತೆ ತವರ ಜಾಸ್ತಿ. 1820ರಲ್ಲಿ ಕೇವಲ 400 ಪೌಂಡ್ ಬಂಡವಾಳದಲ್ಲಿ ಕಂಪನಿ ಶುರುವಾಯಿತು. ಮೊದಲ ಇಪ್ಪತ್ತು ವರ್ಷದಲ್ಲಿ ಅದು ಗಳಿಸಿದ ಲಾಭ ಸುಮಾರು 1,70,000 ಪೌಂಡ್. ಅದಿರಿನ ಬೆನ್ನು ಹತ್ತಿ ಜನ ಸಮುದ್ರದ ತಳದ ಕೆಳಗೆ ಒಂದು ಮೈಲಿಗೂ ದೂರ ಹೋದರು. ಪಕ್ಕದ ಬೊಟಾಲಕ್ ಗಣಿಯವರದ್ದೂ ಇದೇ ಸಾಹಸ. ಬಿರುಗಾಳಿಯ ದಿನ ತಲೆಯ ಮೇಲೆ, ಕಡಲ ತಳದಲ್ಲಿ ಬಂಡೆಗಳು ಉರುಳುವ ಸದ್ದು ಅಲ್ಲಿ ಕೆಲಸ ಮಾಡುವವರಿಗೆ ಕೇಳಿಸುತ್ತಿತ್ತಂತೆ.

ಈಗ ಇಳಿಯುವ ವಿಷಯಕ್ಕೆ ಬರೋಣ. ಮೊದಲು ಇದ್ದದ್ದು ಬರೀ ಮರದ ಏಣಿಗಳು. ದಿನವಿಡೀ ಸುತ್ತಿಗೆ ಹೊಡೆದು, ಬೆವರಲ್ಲಿ ನೆಂದು, ಆಮೇಲೆ ಸಾವಿರಾರು ಅಡಿ ಏಣಿ ಹತ್ತಬೇಕು. ಮೇಲೆ ಬಂದರೆ ಅಟ್ಲಾಂಟಿಕ್‌ನ ಚಳಿಗಾಳಿ. ನಡುವಯಸ್ಸಿಗೇ ಎದೆ ಕುಸಿದು ಹೋಗುತ್ತಿತ್ತು. ಇದಕ್ಕೆ ಪರಿಹಾರ ಎಂದು 1857ರಲ್ಲಿ ಲೆವಾಂಟ್‌ಗೆ ‘ಮ್ಯಾನ್ ಇಂಜಿನ್’ ಬಂತು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಗಳಲ್ಲಿ 1830ರ ದಶಕದಲ್ಲಿ ಹುಟ್ಟಿದ ಉಪಾಯ ಅದು.

ಅದು ಹೀಗೆ ಕೆಲಸ ಮಾಡುತ್ತದೆ. ಶಾಫ್ಟ್‌ನ ಉದ್ದಕ್ಕೂ ದಪ್ಪ ಮರದ ತೊಲೆಗಳನ್ನು ಜೋಡಿಸಿ ಒಂದೇ ಉದ್ದನೆಯ ದಂಡ ಮಾಡಿ ನೇತುಹಾಕುತ್ತಾರೆ. ಮೇಲಿರುವ ಇಂಜಿನ್ ಆ ದಂಡವನ್ನು 12 ಅಡಿ ಎತ್ತುತ್ತದೆ, 12 ಅಡಿ ಇಳಿಸುತ್ತದೆ. ದಂಡದ ಮೇಲೆ 12 ಅಡಿಗೊಂದು ಪುಟ್ಟ ಮೆಟ್ಟಿಲು. ಶಾಫ್ಟ್‌ನ ಪಕ್ಕದಲ್ಲೂ ಅಷ್ಟಷ್ಟೇ ಅಂತರದಲ್ಲಿ ಹಲಗೆ. ದಂಡದ ಮೆಟ್ಟಿಲ ಮೇಲೆ ಕಾಲಿಟ್ಟು ಹಿಡಿ ಹಿಡಿದರೆ 12 ಅಡಿ ಕೆಳಗೆ ಬರುತ್ತೀರಿ. ತಕ್ಷಣ ಪಕ್ಕದ ಹಲಗೆಗೆ ದಾಟಬೇಕು. ದಂಡ ಮತ್ತೆ ಮೇಲೆ ಬಂದಾಗ ಮುಂದಿನ ಮೆಟ್ಟಿಲು ನಿಮ್ಮ ಮುಂದಿರುತ್ತದೆ. ಮತ್ತೆ ದಾಟಿ. ಸುಮಾರು 1,600 ಅಡಿ ಇಳಿಯಲು ಹೀಗೆ 130ಕ್ಕೂ ಹೆಚ್ಚು ಸಲ ದಾಟಬೇಕು, ಮಿಣುಕು ಬೆಳಕಿನಲ್ಲಿ. ಸುಮಾರು ಅರ್ಧ ಗಂಟೆಯ ಹಾದಿ. ಏಣಿಗೆ ಹೋಲಿಸಿದರೆ ಅದು ಸ್ವರ್ಗ. ಅದಕ್ಕೂ ಕೆಳಗೆ ಹೋಗುವವರಿಗೆ ಮತ್ತೆ ಏಣಿಯೇ ಗತಿ.

ನನ್ನಂಥವನ ಕಣ್ಣು ಆ ದಂಡದ ಮೇಲ್ತುದಿಗೆ ಹೋಗಿ ನಿಲ್ಲುತ್ತದೆ. ನೂರಾರು ಅಡಿ ಮರದ ಭಾರ, ಅದರ ಮೇಲೆ ನಿಂತ ಜನರ ಭಾರ, ಎಲ್ಲವೂ ಅಲ್ಲಿ ಒಂದೇ ಕಬ್ಬಿಣದ ಜೋಡಣೆಯ ಮೇಲೆ ಕೂರುತ್ತದೆ. ಪ್ರತಿ ಏರಿಳಿತಕ್ಕೂ ಅದು ಎಳೆಸಿಕೊಳ್ಳುತ್ತದೆ, ಸಡಿಲವಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುತ್ತೀರಲ್ಲ, ಕಬ್ಬಿಣಕ್ಕೂ ಹಾಗೇ ದಣಿವಿದೆ. ಹೊರಗೆ ಮೈ ನುಣ್ಣಗೆ ಇರುತ್ತದೆ. ಒಳಗೆ ಕೂದಲೆಳೆಯಂಥ ಬಿರುಕು ದಿನಕ್ಕಿಷ್ಟು ಎಂದು ಬೆಳೆಯುತ್ತಿರುತ್ತದೆ. ನಮ್ಮ ಕಾಲದಲ್ಲಿ ಒಳಗಿನ ಬಿರುಕು ಹುಡುಕಲು ಅಲ್ಟ್ರಾಸೌಂಡ್ ಇತ್ತು. ಅವರಿಗೆ ಅದಿರಲಿಲ್ಲ.

1919ರ ಅಕ್ಟೋಬರ್ 20. ಮಧ್ಯಾಹ್ನ, ಪಾಳಿ ಮುಗಿದು ಜನ ಮೇಲೆ ಬರುತ್ತಿದ್ದರು. ನೂರಕ್ಕೂ ಹೆಚ್ಚು ಮಂದಿ ದಂಡದ ಮೇಲಿದ್ದರು. ಮೇಲ್ತುದಿಯ ಆ ಜೋಡಣೆ ಮುರಿಯಿತು. ದಂಡ ಕುಸಿದು, ಪಕ್ಕದ ಹಲಗೆಗಳನ್ನೂ ಕಿತ್ತುಕೊಂಡು ಶಾಫ್ಟ್‌ನೊಳಗೆ ಬಿತ್ತು. 31 ಜನ ಸತ್ತರು. ಸೇಂಟ್ ಜಸ್ಟ್‌ನಂಥ ಸಣ್ಣ ಊರಿನಲ್ಲಿ 31 ಸಾವು ಅಂದರೆ ಯಾವ ಬೀದಿ ಉಳಿದೀತು, ಹೇಳಿ.

ಆ ಮ್ಯಾನ್ ಇಂಜಿನನ್ನು ಮತ್ತೆ ಕಟ್ಟಲಿಲ್ಲ. ಅತಿ ಆಳದ ಮಟ್ಟಗಳನ್ನು ಬಿಟ್ಟುಬಿಟ್ಟರು. ಕೆಳಗೆ ತವರ ಇತ್ತು, ಹೋಗುವ ದಾರಿ ಇರಲಿಲ್ಲ. ಮುಂದೆ ತವರದ ಬೆಲೆಯೂ ಕುಸಿದು 1930ರಲ್ಲಿ ಗಣಿ ಮುಚ್ಚಿತು. ಪುಸ್ತಕಗಳಲ್ಲಿ ಮುಚ್ಚಿದ ವರ್ಷ 1930 ಎಂದೇ ಇರುತ್ತದೆ. ನನ್ನ ಲೆಕ್ಕದಲ್ಲಿ ಅದು 1919ರಲ್ಲೇ ಮುಗಿದಿತ್ತು.

ಆಮೇಲೆ ನೀರು ತುಂಬಿತು, ಕಡಲೇ ಒಳಗೆ ನುಗ್ಗಿತು. 1960ರ ದಶಕದಲ್ಲಿ ಪಕ್ಕದ ಗೀವರ್ ಗಣಿಯವರು ಸಮುದ್ರದ ತಳದ ಆ ತೂತು ಮುಚ್ಚಿ, ನೀರು ಹೊರಹಾಕಿ, ಲೆವಾಂಟ್‌ನ ಹಳೆಯ ಸುರಂಗಗಳ ಕಡೆ ಮತ್ತೆ ಕೈ ಹಾಕಿದರು. 1985ರಲ್ಲಿ ಜಗತ್ತಿನ ತವರದ ಮಾರುಕಟ್ಟೆ ಬಿತ್ತು. 1990ರಲ್ಲಿ ಗೀವರ್ ಕೂಡ ನಿಂತಿತು. ಮರುವರ್ಷ ಪಂಪ್ ಆಫ್ ಮಾಡಿದರು.

ಕೆಜಿಎಫ್ ಬಲ್ಲವರಿಗೆ ಈ ಊರು ಅಷ್ಟು ದೂರದ್ದಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿ ನಡೆಸಲು ಕಾರ್ನ್‌ವಾಲ್‌ನಿಂದ ಜನರನ್ನು ಕರೆತಂದಿತು. ಕೋಲಾರದಲ್ಲಿ ಮೇಲ್ವಿಚಾರಕರನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದದ್ದು ಸೇನೆಯ ಪದವಿಯಿಂದಲ್ಲ, ಕಾರ್ನ್‌ವಾಲ್ ಗಣಿಗಳ ರೂಢಿಯಿಂದ. ನಮ್ಮ ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಲ್ಲೂ ಈಗ ಕೆಳಗೆಲ್ಲ ನೀರು. ಮೇಲೆ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ಗುಡ್ಡ.

ಲೆವಾಂಟ್‌ಗೆ ಹೋದಾಗ, ಗಣಿಗಾರರು ಬಟ್ಟೆ ಬದಲಿಸುತ್ತಿದ್ದ ಕಟ್ಟಡದ ಜಾಗದಿಂದ ಸುತ್ತು ಮೆಟ್ಟಿಲಿಳಿದು, ಕಿರು ಸುರಂಗ ದಾಟಿ, ಆ ಶಾಫ್ಟ್‌ನ ಬಾಯಿಗೆ ಬಂದು ನಿಂತೆ. ಕಲ್ಲಿನ ಮೈ ಒದ್ದೆ. ಕೆಳಗೆ ಕತ್ತಲು. ಮಾತು ಬರಲಿಲ್ಲ.

ಮೇಲೆ ಬಂದರೆ ಇಂಜಿನ್ ಮನೆಯಲ್ಲಿ ಉಗಿಯ ವಾಸನೆ. ಅದಿರು ಎತ್ತುತ್ತಿದ್ದ 1840ರ ಇಂಜಿನ್ ಅದು. ಗುಜರಿಗೆ ಹೋಗುವುದನ್ನು 1935ರಲ್ಲಿ ಊರ ಆಸಕ್ತರು ತಪ್ಪಿಸಿದರು. 1984ರಿಂದ ‘ಗ್ರೀಸಿ ಗ್ಯಾಂಗ್’ ಎಂಬ ಸ್ವಯಂಸೇವಕರ ಗುಂಪು ಅದರ ತುಕ್ಕು ಕೆರೆದು, ಬಿಡಿಭಾಗ ಜೋಡಿಸಿ, ಮತ್ತೆ ಓಡಿಸಿತು. ನಾನಿದ್ದಾಗ ಒಬ್ಬ ಹಿರಿಯರು ಎಣ್ಣೆ ಡಬ್ಬಿ ಹಿಡಿದು ನಿಂತಿದ್ದರು. ಇಂಜಿನ್ ನಿಲ್ಲುತ್ತಲೇ ಮುಂಗೈ ತಿರುಗಿಸಿ ಬೇರಿಂಗ್‌ಗೆ ತಾಗಿಸಿದರು. ಬಿಸಿ ಜಾಸ್ತಿಯಾಗಿದೆಯಾ ಎಂದು ನಾವು ನೋಡುವುದೂ ಹಾಗೆಯೇ, ಅಂಗೈಯಿಂದಲ್ಲ, ಮುಂಗೈಯಿಂದ. ನಾನು ವೈಂಡಿಂಗ್ ಮನುಷ್ಯ ಎಂದೆ. ಅವರು ನಕ್ಕು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಮುಂಗೈ ಇಟ್ಟೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ.