ಪಾಸ್‌ವರ್ಡ್ ಕನ್ನಡದಲ್ಲಿದ್ದರೆ: ಐಮ್ಯಾಪ್ ಲಾಗಿನ್ ಟಿಪ್ಪಣಿ

ಶಿರಸಿಯಲ್ಲಿ ನಮ್ಮ ಜೊತೆ ಪೈಥಾನ್ ಕಲಿಯುತ್ತಿರುವ ಹಲವರು ಈಗ ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲ್ ಓದುವ ನಿಯಮಾವಳಿ) ಮೂಲಕ ಮೇಲ್ ಓದುವ ಸ್ಕ್ರಿಪ್ಟ್ ಬರೆಯುವ ಹಂತಕ್ಕೆ ಬಂದಿದ್ದಾರೆ. ಈ ಟಿಪ್ಪಣಿ ಅವರಿಗಾಗಿ. ಪಾಸ್‌ವರ್ಡ್ ‘ಗೋಕರ್ಣ’ ಎಂದಿಟ್ಟುಕೊಳ್ಳೋಣ. (ಉದಾಹರಣೆಗೆ ಮಾತ್ರ, ನಿಜವಾದ ಖಾತೆಗೆ ಊರ ಹೆಸರು ಇಡಬೇಡಿ.)

ಸರ್ವರ್‌ಗೆ ಹೋಗುವುದು ಅಕ್ಷರವಲ್ಲ, ಬೈಟ್. ಇಂಗ್ಲಿಷ್‌ಗೆಂದು ಮಾಡಿದ ಹಳೆಯ ಸಂಕೇತಪಟ್ಟಿ ಆಸ್ಕಿಯ 128 ಸಂಕೇತಗಳಲ್ಲಿ ಕನ್ನಡ ಇಲ್ಲ. ಯೂನಿಕೋಡ್ ಸಂಕೇತಗಳನ್ನು ಬೈಟ್ ಆಗಿಸುವ ಎನ್‌ಕೋಡಿಂಗ್ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಗ, ಓತ್ವ, ಕ, ರ, ಹಲಂತ, ಣ: 6 ಸಂಕೇತ, 18 ಬೈಟ್.

ಐಮ್ಯಾಪ್ ನಿಯಮಗಳಿರುವ 2003ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 3501ರಲ್ಲಿ ‘ಲಾಗಿನ್’ ಆದೇಶವಿದೆ, ಆದರೆ ಪಾಸ್‌ವರ್ಡ್ ಯಾವ ಎನ್‌ಕೋಡಿಂಗ್‌ನಲ್ಲಿರಬೇಕು ಎಂಬ ಮಾತಿಲ್ಲ. ಹಾಗಾಗಿ ಪೈಥಾನ್‌ನ ಐಮ್ಯಾಪ್ ಲೈಬ್ರರಿಯಾದ ಐಮ್ಯಾಪ್‌ಲಿಬ್ ಆಸ್ಕಿಯನ್ನೇ ಹಿಡಿದು, ‘ಗೋಕರ್ಣ’ ಕಂಡೊಡನೆ ಯೂನಿಕೋಡ್ ಎನ್‌ಕೋಡ್ ಎರರ್ ಕೊಟ್ಟು ನಿಲ್ಲುತ್ತದೆ. ನನ್ನ ಪ್ರಕಾರ ಅದು ಸರಿಯೇ. ಲೈಬ್ರರಿ ತಾನೇ ಊಹಿಸಿ ಏನೋ ಕಳಿಸಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವುದು ಇನ್ನೂ ಕಷ್ಟ. ನಾವೇ ಬೈಟ್ ಮಾಡಿ ಲಾಗಿನ್‌ಗೆ ಕೊಟ್ಟರೂ ಆಗದು. ಉದ್ಧರಣ ಚಿಹ್ನೆ ಹಾಕುವ ಹಂತದಲ್ಲಿ ಟೈಪ್ ಎರರ್ ಬರುತ್ತದೆ.

ದಾರಿ ಇರುವುದು ಐಮ್ಯಾಪ್‌ನಲ್ಲಿ ಒಳಹೋಗುವ ಇನ್ನೊಂದು ಆದೇಶ ‘ಅಥೆಂಟಿಕೇಟ್ ಪ್ಲೇನ್’ನಲ್ಲಿ. 2006ರ ಆರ್‌ಎಫ್‌ಸಿ 4616 ಇದಕ್ಕೆ ಯುಟಿಎಫ್-8 ಎಂದೇ ನಿಗದಿ ಮಾಡಿದೆ. ಆಸ್ಕಿಯಲ್ಲದ ಹೆಸರು, ಪಾಸ್‌ವರ್ಡ್‌ಗಳಿಗೆ ಇದೇ ಆದೇಶ ಬಳಸಬೇಕು, ಲಾಗಿನ್ ಅಲ್ಲ ಎಂದು 2013ರ ಆರ್‌ಎಫ್‌ಸಿ 6855 ಕಡ್ಡಾಯ ಮಾಡಿತು. ಕಳಿಸಬೇಕಾದ್ದು: ಸೊನ್ನೆ ಬೈಟ್, ಬಳಕೆದಾರರ ಹೆಸರು, ಮತ್ತೆ ಸೊನ್ನೆ ಬೈಟ್, ಪಾಸ್‌ವರ್ಡ್. ಇದನ್ನು ಬೇಸ್64 (ಬೈಟ್‌ಗಳನ್ನು ಆಸ್ಕಿ ಅಕ್ಷರಗಳಲ್ಲಿ ಬರೆಯುವ ರೀತಿ) ಮಾಡುವ ಕೆಲಸ ಐಮ್ಯಾಪ್‌ಲಿಬ್‌ನದು. ನೀವೂ ಮಾಡಿದರೆ ಎರಡು ಸಲ ಆಗಿಬಿಡುತ್ತದೆ. ಸಂಪರ್ಕ ಟಿಎಲ್‌ಎಸ್ (ಸಾಗುವ ಮಾಹಿತಿಯನ್ನು ಗೂಢಲಿಪಿಯಾಗಿಸುವ ವ್ಯವಸ್ಥೆ) ಮೇಲೆಯೇ ಇರಲಿ, ಬೇಸ್64 ಗೂಢಲಿಪಿ ಅಲ್ಲ.

ಕನ್ನಡದವರು ವಿಶೇಷವಾಗಿ ಗಮನಿಸಬೇಕಾದ್ದು ಓತ್ವದ ವಿಷಯ. ‘ಗೋ’ದ ಓತ್ವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ, ಊತ್ವ, ದೀರ್ಘ ಚಿಹ್ನೆ ಎಂದು ಮೂರಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಬೈಟ್ ಎಣಿಸಿದರೆ ಮೊದಲನೆಯದು 18, ಎರಡನೆಯದು 24. ಸರ್ವರ್ ಇಟ್ಟುಕೊಂಡ ಹ್ಯಾಶ್ (ಪಾಸ್‌ವರ್ಡ್‌ನ ಬೈಟ್‌ಗಳಿಂದ ಲೆಕ್ಕಹಾಕಿದ ಗುರುತು) ಹೊಂದುವುದಿಲ್ಲ, ಪಾಸ್‌ವರ್ಡ್ ತಪ್ಪು ಎಂಬ ಉತ್ತರ ಬರುತ್ತದೆ. ಆದ್ದರಿಂದ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಎನ್‌ಎಫ್‌ಸಿ (ಕೂಡಿಸಿದ, ಇಲ್ಲಿ ಓತ್ವ ಒಂದೇ ಸಂಕೇತವಾಗಿರುವ) ರೂಪಕ್ಕೆ ತಂದ ಮೇಲೆಯೇ ಎನ್‌ಕೋಡ್ ಮಾಡಿ. ಪಾಸ್‌ವರ್ಡ್‌ಗೆ 2017ರ ಆರ್‌ಎಫ್‌ಸಿ 8265 ಹೇಳುವ ರೂಪವೂ ಅದೇ.

ಮೇಲ್ ಕಳಿಸುವ ಪೈಥಾನ್ ಲೈಬ್ರರಿ ಎಸ್‌ಎಂಟಿಪಿಲಿಬ್‌ನ ಲಾಗಿನ್ ಕೂಡ ನಾವು ಬಳಸುವ ಆವೃತ್ತಿಯಲ್ಲಿ ಆಸ್ಕಿಗೇ ಅಂಟಿಕೊಂಡಿದೆ. ಅಲ್ಲಿ ಆಥ್ ಪ್ಲೇನ್ ಆದೇಶವನ್ನು ನಾವೇ ಕಟ್ಟಿ ಕಳಿಸಬೇಕು, ಬೇಸ್64 ಕೂಡ ನಾವೇ ಮಾಡಬೇಕು. ಸರ್ವರ್‌ನಿಂದ 235 ಎಂಬ ಉತ್ತರ ಬಂದರೆ ಒಳಗೆ ಹೋದಂತೆ. ಫೋಲ್ಡರ್‌ಗೆ ‘ಕಾರವಾರ’ ಎಂದು ಹೆಸರಿಡುವುದು ಬೇರೆಯೇ ವಿಷಯ: ಆರ್‌ಎಫ್‌ಸಿ 3501ರಲ್ಲಿ ಅದಕ್ಕೆ ಮಾರ್ಪಡಿಸಿದ ಯುಟಿಎಫ್-7 ಎಂಬ ಬೇರೆ ಎನ್‌ಕೋಡಿಂಗ್ ಇದೆ, ಅದನ್ನು ಪಾಸ್‌ವರ್ಡ್‌ಗೆ ಬಳಸಬೇಡಿ.