ಕೊನೇ ಸೀಟು ಯಾಕೆ ಎತ್ತಿ ಹಾಕುತ್ತೆ?

ಮುಂಬೈಯಿಂದ ಮಂಗಳೂರಿಗೆ ಬಸ್ಸಲ್ಲಿ ಹೋಗುವ ನಮ್ಮವರಿಗೆ ಕೊನೇ ಸೀಟಿನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ಸಲ ನನ್ನ ಪಾಲಿಗೆ ಬಂದಿದ್ದು ಅದೇ. ಪನ್ವೇಲ್ ದಾಟುವಷ್ಟರಲ್ಲಿ ಸೊಂಟ ಕಳಚಿದ ಹಾಗಾಗಿತ್ತು, ನಡುವೆ ಕೂತವರು ಮಾತ್ರ ಆರಾಮಾಗಿ ಗೊರಕೆ ಹೊಡೆಯುತ್ತಿದ್ದರು.

ಡ್ರೈವರನ್ನು ಬೈದರೆ ಪ್ರಯೋಜನವಿಲ್ಲ. ಲೆಕ್ಕ ಇರುವುದು ವೀಲ್‌ಬೇಸ್‌ನಲ್ಲಿ, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ನಡುವಿನ ದೂರದಲ್ಲಿ. ಅದು 6 ಮೀಟರ್ ಅಂತ ಇಟ್ಟುಕೊಳ್ಳಿ. ಹಿಂದಿನ ಚಕ್ರ 10 ಸೆಂ.ಮೀ. ಎತ್ತರದ ಹಂಪ್ ಹತ್ತಿದಾಗ ಬಸ್ಸಿನ ಹಿಂಭಾಗ ಬಾವಿಯ ಏತದ ಹಾಗೆ ಏಳುತ್ತದೆ. ಎರಡು ಆಕ್ಸಲ್‌ಗಳ ನಟ್ಟನಡುವೆ ಕೂತವರು 5 ಸೆಂ.ಮೀ. ಏಳುತ್ತಾರೆ. ಹಿಂದಿನ ಚಕ್ರಕ್ಕಿಂತ 3 ಮೀಟರ್ ಹಿಂದೆ ಕೂತ ನಾನು 15! ಸ್ಪ್ರಿಂಗು ಒಂದಷ್ಟು ನುಂಗುತ್ತೆ ಬಿಡಿ, ಆದರೂ ಜಾಸ್ತಿ ಪಾಲು ನನಗೇ.

ಹಾಗಾದರೆ ವೀಲ್‌ಬೇಸ್ ಉದ್ದ ಇದ್ದಷ್ಟೂ ಒಳ್ಳೆಯದಲ್ವಾ? ಕುಲುಕಾಟದ ಮಟ್ಟಿಗೆ ಹೌದು. ಅದೇ ಹಂಪಿಗೆ ಉದ್ದ ಗಾಡಿ ಕಮ್ಮಿ ವಾಲುತ್ತದೆ, ಬ್ರೇಕ್ ಒತ್ತಿದಾಗ ಮೂಗು ಬಗ್ಗಿಸುವುದೂ ಕಮ್ಮಿ. ಆದರೆ ಮಾಟುಂಗದ ಗಲ್ಲಿಯಲ್ಲಿ ತಿರುಗಿಸಿ ನೋಡಿ.

ನಮ್ಮ ಮಾವ ಪದ್ಮಿನಿ ಟ್ಯಾಕ್ಸಿ ಓಡಿಸುತ್ತಿದ್ದರು. ಎರಡೂ ಕಡೆ ಸ್ಕೂಟರ್ ನಿಂತಿದ್ದರೂ, ಬೀಡಿ ಬಾಯಲ್ಲೇ ಇಟ್ಟುಕೊಂಡು, ರಿವರ್ಸ್ ಹಾಕದೆ ಸುಯ್ ಅಂತ ತಿರುಗಿಸಿಬಿಡುತ್ತಿದ್ದರು. ಅರ್ಧ ಅವರ ಕೈಚಳಕ, ಇನ್ನರ್ಧ 2.34 ಮೀಟರ್ ವೀಲ್‌ಬೇಸ್. ಮುಂದಿನ ಚಕ್ರವನ್ನು 30 ಡಿಗ್ರಿ ತಿರುಗಿಸಿದರೆ ಅದು ಸುತ್ತುವ ವೃತ್ತದ ತ್ರಿಜ್ಯ ಹೆಚ್ಚುಕಮ್ಮಿ ವೀಲ್‌ಬೇಸ್‌ನ ಎರಡರಷ್ಟು. ಪದ್ಮಿನಿಗೆ 4.7 ಮೀಟರ್ ಸಾಕು. ಇನೋವಾ ಕ್ರಿಸ್ಟಾದ ವೀಲ್‌ಬೇಸ್ 2.75, ಅಷ್ಟೇ ತಿರುಗಿಸಿದರೆ ಅದಕ್ಕೆ 5.5 ಬೇಕು.

ಈಗಿನ ಸ್ವಿಫ್ಟ್ ಒಟ್ಟು ಉದ್ದದಲ್ಲಿ ಪದ್ಮಿನಿಗಿಂತ ಗಿಡ್ಡ, ವೀಲ್‌ಬೇಸ್ ಮಾತ್ರ 2.45 ಮೀಟರ್. ಎಂಜಿನ್ನನ್ನು ಅಡ್ಡಡ್ಡ ಕೂರಿಸಿ, ಚಕ್ರಗಳನ್ನು ಮೂಲೆಗೆ ತಳ್ಳಿ ಕಾಲಿಗೆ ಜಾಗ ಮಾಡಿದ್ದಾರೆ. 4 ಮೀಟರ್ ಒಳಗಿನ ಸಣ್ಣ ಕಾರಿಗೆ ತೆರಿಗೆ ಕಮ್ಮಿ ಅಂತಾದ ಮೇಲೆ ಕಂಪನಿಗಳಿಗೆ ಈ ಜಾಣತನ ಅನಿವಾರ್ಯವಾಯಿತು. ಆದರೆ ಉದ್ದ ವೀಲ್‌ಬೇಸ್ ಜೊತೆ ಗಾಡಿ ತಗ್ಗಾಗಿಯೂ ಇದ್ದರೆ ಸೊಸೈಟಿ ಗೇಟಿನ ಹಂಪಿಗೆ ಹೊಟ್ಟೆ ಕರ್ರ್ ಅಂತ ಉಜ್ಜುತ್ತದೆ, ನಮ್ಮ ಡೊಂಬಿವ್ಲಿಯಲ್ಲಿ ದಿನಾ ಕೇಳುವ ಸದ್ದು ಅದು.

ಗಣೇಶ ಚೌತಿಗೆ ಊರಿಗೆ ಹೋಗಬೇಕು. ಈ ಸಲ ನಡುವಿನ ಸೀಟೇ ಬುಕ್ ಮಾಡಿದ್ದೇನೆ, ನೂರು ರೂಪಾಯಿ ಜಾಸ್ತಿ ಕೊಟ್ಟು.