ಗಣಿತ ಬೇಕು, ವಿಜ್ಞಾನ ಬೇಡ: ಪಿಯು ಮುಗಿದ ಮೇಲೆ ಯಾವ ಪದವಿ?

ಪ್ರಶ್ನೆ: ಮಗಳು ಶಿರಸಿಯಲ್ಲಿ ದ್ವಿತೀಯ ಪಿಯು ವಿಜ್ಞಾನ ಓದುತ್ತಿದ್ದಾಳೆ. ಲೆಕ್ಕ ಹಿಡಿದು ಕುಳಿತರೆ ಊಟದ ನೆನಪೂ ಇರುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ ಮಾತ್ರ ಬೇಡವೇ ಬೇಡ ಎನ್ನುತ್ತಾಳೆ. ಗಣಿತ ಬರುವವರಿಗೆ ಎಂಜಿನಿಯರಿಂಗೇ ಸರಿ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಆದರೆ ನೆಂಟರ ಮಾತನ್ನು ತಳ್ಳಿಹಾಕುವ ಮೊದಲು ಒಮ್ಮೆ ತೂಗಿ ನೋಡೋಣ. ಸಿಇಟಿಯ ಎಂಜಿನಿಯರಿಂಗ್ ರ್‍ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ ಸೇರುತ್ತವೆ. ಹಾಗಾಗಿ ಅವಳಿಗೆ ಬೇಡವಾದ ವಿಷಯಗಳು ಎರಡೂ ಕಡೆ ಎದುರಾಗುತ್ತವೆ. ಸೀಟು ಸಿಕ್ಕ ಮೇಲೂ ಮೊದಲ ವರ್ಷ ಒಂದು ಸೆಮಿಸ್ಟರ್ ಭೌತಶಾಸ್ತ್ರ, ಇನ್ನೊಂದು ಸೆಮಿಸ್ಟರ್ ರಸಾಯನಶಾಸ್ತ್ರ ಓದಿಸುವ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ತಪ್ಪುವುದಿಲ್ಲ. ಕಂಪ್ಯೂಟರ್ ಸೈನ್ಸ್ ಆಯ್ದುಕೊಂಡರೆ ಅಲ್ಲಿಂದಾಚೆಗೆ ಹೆಚ್ಚು ಕಾಟವಿಲ್ಲ. ಸಿವಿಲ್, ಮೆಕ್ಯಾನಿಕಲ್ ಎಂದರೆ ಭೌತಶಾಸ್ತ್ರವೇ ಬೇರೆ ಅಂಗಿ ತೊಟ್ಟು ಬಂದ ಹಾಗೆ. ಒಂದು ವರ್ಷ ಹಲ್ಲು ಕಚ್ಚಿ ಕಳೆಯಬಲ್ಲಳಾದರೆ ಕಂಪ್ಯೂಟರ್ ಸೈನ್ಸ್ ಆದೀತು. ಅವಳ ಗಣಿತದ ಹಸಿವು ಅಲ್ಲಿ ತೀರುತ್ತದೆ ಎಂದು ಮಾತ್ರ ನಾನು ಹೇಳಲಾರೆ.

ಪದವಿಯ ಹೆಸರು ಹುಡುಕುವ ಮೊದಲು, ಅವಳಿಗೆ ಇಷ್ಟವಾದದ್ದು ಯಾವ ಗಣಿತ ಎಂದು ಕೇಳಿ. ಹತ್ತನೆಯ ತರಗತಿಯ ಪುಸ್ತಕದಲ್ಲಿ 2ರ ವರ್ಗಮೂಲ ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸುವ ಭಾಗವಿದೆ. ಹೆಚ್ಚಿನವರು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತುಬಿಡುತ್ತಾರೆ. ನಿಮ್ಮ ಮಗಳಿಗೆ ಅದು ನೆನಪಿದೆಯೇ? ‘3ಕ್ಕೂ ಹೀಗೆಯೇ ಆಗುತ್ತದಲ್ಲ, 4ಕ್ಕೆ ಮಾತ್ರ ಏಕೆ ಆಗುವುದಿಲ್ಲ’ ಎಂದು ಅವಳಾಗಿಯೇ ಕೇಳಿದ್ದುಂಟೇ? ಕೇಳಿದ್ದರೆ ಅವಳು ಶುದ್ಧ ಗಣಿತದ ಹುಡುಗಿ. ಅದು ಬೇಸರ ತರಿಸಿ, ಅಂಕಿಗಳನ್ನು ಜೋಡಿಸಿ ಏನಾದರೂ ತೀರ್ಮಾನಕ್ಕೆ ಬರುವ ಲೆಕ್ಕವೇ ರುಚಿಸುವುದಾದರೆ ಅವಳಿಗೆ ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್) ಹೊಂದುತ್ತದೆ.

ಈ ಎರಡನೆಯದನ್ನು ನಮ್ಮ ಕಡೆ ಯಾರೂ ಸೂಚಿಸುವುದಿಲ್ಲ. ನನ್ನ ಮಟ್ಟಿಗೆ, ವಿಜ್ಞಾನ ಒಗ್ಗದ ಗಣಿತಪ್ರಿಯರಲ್ಲಿ ಹೆಚ್ಚಿನವರಿಗೆ ಸರಿಹೊಂದುವ ವಿಷಯ ಅದೇ. ಉದಾಹರಣೆ ನಿಮ್ಮ ತೋಟದಲ್ಲೇ ಇದೆ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುವಾಗ ಬೆಳೆಗಾರರು ಕಟ್ಟುವುದು ವಿಮಾ ಮೊತ್ತದ ಶೇ 5. ಕಂತಿನಲ್ಲಿ ಉಳಿದದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ಭರಿಸುತ್ತವೆ. ಹಾಗಾದರೆ ಪೂರ್ತಿ ಕಂತು ಎಷ್ಟಿರಬೇಕು? ಹಳೆಯ ವರ್ಷಗಳ ಮಳೆಯ ದಾಖಲೆ ತೆಗೆದು, ಈ ವಿಮೆ ಅಂದೂ ಇದ್ದಿದ್ದರೆ ಯಾವ ವರ್ಷ ಎಷ್ಟು ಪರಿಹಾರ ಕೊಡಬೇಕಾಗುತ್ತಿತ್ತು ಎಂದು ಲೆಕ್ಕ ಹಾಕುವುದು ಮೊದಲ ಹೆಜ್ಜೆ. ಸರಾಸರಿ ತೆಗೆಯುವಷ್ಟಕ್ಕೆ ಹೈಸ್ಕೂಲಿನ ಗಣಿತ ಸಾಕು. ತಲೆನೋವು ಶುರುವಾಗುವುದು ಆಮೇಲೆ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಉಕ್ಕಿದಂಥ ಮಳೆ ಮೂವತ್ತು ವರ್ಷಕ್ಕೊಮ್ಮೆ ಬರುವಂಥದ್ದೇ, ಇನ್ನು ಮುಂದೆ ಹತ್ತು ವರ್ಷಕ್ಕೊಮ್ಮೆ ಬರುವುದೇ? ಆ ಒಂದು ವರ್ಷಕ್ಕೆ ಎಷ್ಟು ತೂಕ ಕೊಡಬೇಕು? ಒಂದು ಪಂಚಾಯಿತಿಯ ಮಳೆಮಾಪಕ ಕೆಟ್ಟು ಅಂಕಿ ಬಿಟ್ಟುಹೋಗಿದ್ದರೆ ಪಕ್ಕದ ಪಂಚಾಯಿತಿಯ ಅಂಕಿಯನ್ನು ನಂಬಬಹುದೇ? ಘಟ್ಟದ ಮಳೆ ಬಲ್ಲವರಿಗೆ ಈ ಕೊನೆಯ ಪ್ರಶ್ನೆ ಎಷ್ಟು ತೊಡಕಿನದು ಎಂದು ಹೇಳಬೇಕಿಲ್ಲ. ಇದೆಲ್ಲ ಸಂಭವನೀಯತೆಯ ಲೆಕ್ಕ. ಪ್ರಯೋಗಾಲಯವಿಲ್ಲ, ಲವಣ ಪರೀಕ್ಷೆಯಿಲ್ಲ.

ಇಂಥ ಲೆಕ್ಕವನ್ನೇ ವೃತ್ತಿಯಾಗಿ ಮಾಡುವವರು ಆ್ಯಕ್ಚುವರಿಗಳು. ಇನ್‌ಸ್ಟಿಟ್ಯೂಟ್ ಆಫ್ ಆ್ಯಕ್ಚುವರೀಸ್ ಆಫ್ ಇಂಡಿಯಾ ನಡೆಸುವ ಎಸಿಇಟಿ ಪ್ರವೇಶ ಪರೀಕ್ಷೆಯನ್ನು ಪಿಯು ಮುಗಿಸಿದವರೂ ಬರೆಯಬಹುದು. ಮುಂದಿನ ಪತ್ರಿಕೆಗಳು ವರ್ಷಗಟ್ಟಲೆ ಹಿಡಿಯುತ್ತವೆ, ಆದ್ದರಿಂದ ಜೊತೆಗೊಂದು ಪದವಿ ಇರಲೇಬೇಕು.

ಶುದ್ಧ ಗಣಿತದ ಹುಡುಗಿಯಾದರೆ ಎರಡು ಹೆಸರು ಬರೆದಿಟ್ಟುಕೊಳ್ಳಿ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ 1931ರಲ್ಲಿ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬೆಂಗಳೂರಿನ ಮೈಸೂರು ರಸ್ತೆಯ ಕೇಂದ್ರದಲ್ಲಿ ಗಣಿತದ ಪದವಿ ಬಿ.ಮ್ಯಾಥ್, ಕೋಲ್ಕತ್ತದಲ್ಲಿ ಸಂಖ್ಯಾಶಾಸ್ತ್ರದ ಪದವಿ ಬಿ.ಸ್ಟ್ಯಾಟ್ ಕಲಿಸುತ್ತದೆ. ಇನ್ನೊಂದು ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್. ಅಲ್ಲಿ ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಒಟ್ಟಿಗೆ ಇವೆ. ಎರಡರ ಪ್ರವೇಶ ಪರೀಕ್ಷೆಯಲ್ಲೂ ಕೇಳುವುದು ಗಣಿತ ಮಾತ್ರ. ಆದರೆ ಸಿಇಟಿಯಂತೆ ಟಿಕ್ ಹಾಕಿ ಮುಗಿಸುವಂಥದ್ದಲ್ಲ, ಉತ್ತರ ಹೇಗೆ ಬಂತೆಂದು ಬಿಡಿಸಿ ಬರೆಯಬೇಕು. ಸೀಟು ಕಡಿಮೆ, ಪೈಪೋಟಿ ಜೋರು.

ಅಲ್ಲಿ ಸಿಗದಿದ್ದರೆ ಧಾರವಾಡ, ಬೆಂಗಳೂರಿನ ಬಿಎಸ್ಸಿ ಇದೆ. ಗಣಿತದ ಜೊತೆ ಭೌತಶಾಸ್ತ್ರ ಅಂಟಿಸದೆ ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಕೊಡುವ ಕಾಲೇಜನ್ನೇ ಹುಡುಕಬೇಕು. ಜಿಲ್ಲೆಯ ಕಾಲೇಜುಗಳಲ್ಲಿ ಯಾವ ಮೂರು ವಿಷಯ ಒಟ್ಟಿಗೆ ಸಿಗುತ್ತವೆ ಎಂದು ಅರ್ಜಿ ಹಾಕುವ ಮೊದಲೇ ಹೋಗಿ ವಿಚಾರಿಸಿ. ಅರ್ಥಶಾಸ್ತ್ರವನ್ನೂ ಮರೆಯಬೇಡಿ. ಎಂಎ ಹಂತಕ್ಕೆ ಬಂದಾಗ ಅದರಲ್ಲಿ ಕಲನಶಾಸ್ತ್ರ (ಕ್ಯಾಲ್ಕುಲಸ್) ಇಲ್ಲದೆ ಒಂದು ಪುಟ ದಾಟುವುದೂ ಕಷ್ಟ, ನಿಮ್ಮ ಮಗಳು ಅಲ್ಲಿ ಎಲ್ಲರಿಗಿಂತ ಮುಂದಿರುತ್ತಾಳೆ.

ಬಿಕಾಂ, ಸಿಎ ಎಂದು ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಒಳ್ಳೆಯ ವೃತ್ತಿ, ಅನುಮಾನವಿಲ್ಲ. ಆದರೆ ಅಲ್ಲಿರುವುದು ಬಹುಪಾಲು ಕಾನೂನು ಮತ್ತು ಕೂಡು–ಕಳೆ. ಗಣಿತವನ್ನು ಪ್ರೀತಿಸುವವರಿಗೆ ಅದು ಗಣಿತ ಅನ್ನಿಸುವುದಿಲ್ಲ.

ಬಿಎಸ್ಸಿ ಓದಿ ಬಿಎಡ್ ಮಾಡಿ ಮೇಷ್ಟರಾಗುವ ಯೋಚನೆಯಿದ್ದರೆ ಇನ್ನೊಂದು ಸಂಗತಿ ಗೊತ್ತಿರಲಿ. ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರದ ಪಾಠವೂ ಬೀಳುವುದು ಸಾಮಾನ್ಯ. ಗಣಿತ ಒಂದನ್ನೇ ಕಲಿಸಬೇಕೆಂದರೆ ಎಂಎಸ್ಸಿ ಮುಗಿಸಿ ಪಿಯು ಕಾಲೇಜಿಗೆ ಹೋಗಬೇಕು.

ಈಗ ತಕ್ಷಣ ಮಾಡಬೇಕಾದದ್ದು: ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಚೆನ್ನೈ ಇನ್‌ಸ್ಟಿಟ್ಯೂಟ್ ಎರಡರ ಹಳೆಯ ಪ್ರಶ್ನೆಪತ್ರಿಕೆಗಳು ಅವುಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂದನ್ನು ಮುದ್ರಿಸಿ ಭಾನುವಾರ ಮಗಳ ಕೈಗೆ ಕೊಡಿ. ಎಷ್ಟು ಬಿಡಿಸಿದಳು ಎಂದು ಎಣಿಸಬೇಡಿ, ಸೋಮವಾರವೂ ಅದೇ ಹಾಳೆ ಹಿಡಿದು ಕುಳಿತಿದ್ದಾಳೆಯೇ ಎಂದು ನೋಡಿ. ಕುಳಿತಿದ್ದರೆ ಅರ್ಜಿಯ ದಿನಾಂಕಗಳ ಮೇಲೆ ಕಣ್ಣಿಡಿ. ಪಿಯು ಫಲಿತಾಂಶ ಬರುವವರೆಗೆ ಕಾದರೆ ಅವು ಮುಗಿದುಹೋಗಿರುತ್ತವೆ.